ಕಪ್ಪುಕುಳಿ ಮತ್ತು ಪ್ರಾಮಾಣಿಕತೆ

ಕಣ್ಣಿಗೆ ಕಾಣದುದು ಇಲ್ಲವೇ ಇಲ್ಲವೆಂದು ವಾದಿಸುವವರು ಲೋಕದಲ್ಲಿ ಕೆಲವರು. ಕಾಣದುದರ ಹೆಸರಿನಲ್ಲಿ ಯಾರು ಏನನ್ನು ಹೇಳಿದರೂ ತಲೆದೂಗುವವರು ಮತ್ತೆ ಕೆಲವರು. ಮೊದಲಿನವರು ತಮ್ಮ ಕಣ್ಣಿನ ಅಳವನ್ನೇ ಜಗತ್ತಿನ ಅಳವೆಂದು ಬಗೆಯುತ್ತಾರೆ. ಎರಡನೆಯವರು ತಮ್ಮ ಬಯಕೆಯನ್ನೇ ಪ್ರಮಾಣವೆಂದು ಬಗೆಯುತ್ತಾರೆ. ಈ ಎರಡು ದಾರಿಗಳೂ ಸುಲಭವಾದವು. ಎರಡರಲ್ಲಿಯೂ ವಿಚಾರದ ಶ್ರಮವಿಲ್ಲ. ಇವುಗಳ ನಡುವೆ ಮೂರನೆಯದೊಂದು ದಾರಿಯುಂಟು. ಕಾಣದುದನ್ನು ಅದರ ಗುರುತುಗಳಿಂದ ಅರಿಯುವುದು, ಅರಿತಷ್ಟನ್ನೇ ನುಡಿಯುವುದು, ಅರಿತುದು ತನ್ನ ಮನಸ್ಸಿಗೆ ಒಗ್ಗದಿದ್ದರೂ ಒಪ್ಪಿಕೊಳ್ಳುವುದು ಆ ದಾರಿಯ ಲಕ್ಷಣ. ಅದರಲ್ಲಿ ನಡೆಯುವುದು ಎಷ್ಟು ಕಷ್ಟವೆಂಬುದಕ್ಕೂ, ನಡೆದವರು ಎಷ್ಟು ದೂರ ಸಾಗಬಲ್ಲರೆಂಬುದಕ್ಕೂ ಖಗೋಳವಿಜ್ಞಾನದ ಕಪ್ಪುಕುಳಿಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ವಿರಳ. ಬೆಳಕನ್ನೇ ಹೊರಗೆ ಬಿಡದ ವಸ್ತುವನ್ನು, ಬೆಳಕಿಲ್ಲದೆ ಏನನ್ನೂ ಕಾಣಲಾರದ ಮನುಷ್ಯನು ಅರಿತುದು ಹೇಗೆ?

ಪ್ರತ್ಯಕ್ಷ, ಅನುಮಾನ ಮೊದಲಾದವು ಅರಿವಿನ ಸಾಧನಗಳೆಂದು ತರ್ಕಶಾಸ್ತ್ರವು ಹೇಳುತ್ತದೆ. ದೂರದ ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಬೆಂಕಿಯನ್ನು ಕಾಣದೆಯೇ ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುತ್ತಾನೆ. ಅಡುಗೆಯ ಮನೆಯಲ್ಲಿ ಹೊಗೆಯಿದ್ದೆಡೆ ಬೆಂಕಿಯಿದ್ದುದನ್ನು ಅವನು ಬಲ್ಲನು. ಆ ನಿಯತವಾದ ಸಂಬಂಧವೇ ವ್ಯಾಪ್ತಿ. ಆದರೆ ಕೊಳದ ಮೇಲೆ ಕವಿದ ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನವು ಕೆಡುತ್ತದೆ. ಅದು ಹೇತುವಿನಂತೆ ತೋರುವ ಹೇತ್ವಾಭಾಸ. ಆದುದರಿಂದ ಕಾಣದುದನ್ನು ಊಹಿಸುವವನು ತನ್ನ ಹೇತುವನ್ನು ಮೇಲಿಂದ ಮೇಲೆ ಪರೀಕ್ಷಿಸುತ್ತಿರಬೇಕು. ಕನ್ನಡದಲ್ಲಿ ನಂಬಿಕೆಗೆ ಅರ್ಹನಾದ ಸಜ್ಜನನನ್ನು 'ಪ್ರಾಮಾಣಿಕ' ಎನ್ನುತ್ತೇವೆ. ಪ್ರಮಾಣವನ್ನು ಬಿಟ್ಟು ನಡೆಯದವನು ಎಂಬುದೇ ಆ ಮಾತಿನ ಮೂಲಾರ್ಥ. ಅರಿವಿನ ಶಿಸ್ತಿಗೂ ನಡತೆಯ ಶುದ್ಧಿಗೂ ಭಾಷೆಯು ಒಂದೇ ಹೆಸರನ್ನಿಟ್ಟಿರುವುದು ಅರ್ಥವತ್ತಾಗಿದೆ. ಕಪ್ಪುಕುಳಿಯ ಕಥೆಯು ಈ ಅರ್ಥದಲ್ಲಿ ಪ್ರಾಮಾಣಿಕತೆಯ ಕಥೆ.

ಮೊದಲು ವಿಷಯವನ್ನು ತಿಳಿಯೋಣ. ಮೇಲಕ್ಕೆಸೆದ ಕಲ್ಲು ಭೂಮಿಗೆ ಮರಳುತ್ತದೆ. ಹೆಚ್ಚು ಬಲದಿಂದ ಎಸೆದರೆ ಹೆಚ್ಚು ಎತ್ತರಕ್ಕೇರಿ ಮರಳುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದೆ ಹೇಳುವುದಾದರೆ, ಸೆಕೆಂಡಿಗೆ 11.2 ಕಿಲೋಮೀಟರ್ ವೇಗದಿಂದ ಎಸೆದ ಕಲ್ಲು ಮಾತ್ರ ಮತ್ತೆ ಭೂಮಿಗೆ ಮರಳದು. ಇದು ಭೂಮಿಯ ವಿಮೋಚನಾ ವೇಗ. ಸೂರ್ಯನ ಮೇಲ್ಮೈಯಿಂದ ಬಿಡುಗಡೆ ಪಡೆಯಲು ಸೆಕೆಂಡಿಗೆ ಸುಮಾರು 618 ಕಿಲೋಮೀಟರ್ ವೇಗವು ಬೇಕು. ಈ ವೇಗವು ಕಾಯದ ದ್ರವ್ಯರಾಶಿಯೊಂದನ್ನೇ ಅವಲಂಬಿಸಿಲ್ಲ. ಆ ದ್ರವ್ಯವು ಎಷ್ಟು ಇಕ್ಕಟ್ಟಾಗಿ ಅಡಕವಾಗಿದೆಯೆಂಬುದನ್ನೂ ಅವಲಂಬಿಸಿದೆ. ಅದೇ ದ್ರವ್ಯವನ್ನು ಅರ್ಧ ತ್ರಿಜ್ಯಕ್ಕೆ ಕುಗ್ಗಿಸಿದರೆ ಅದರ ಮೇಲ್ಮೈಯಲ್ಲಿ ಸೆಳೆತವು ನಾಲ್ಕು ಪಟ್ಟಾಗುತ್ತದೆ. ಹೀಗೆ ಕುಗ್ಗಿಸುತ್ತ ಹೋದರೆ ವಿಮೋಚನಾ ವೇಗವು ಬೆಳಕಿನ ವೇಗವನ್ನು, ಎಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರನ್ನು, ಮುಟ್ಟುವ ಒಂದು ಅಳತೆಯು ಬರುತ್ತದೆ. ಸುಮಾರು 7 ಲಕ್ಷ ಕಿಲೋಮೀಟರ್ ತ್ರಿಜ್ಯದ ಸೂರ್ಯನಿಗೆ ಆ ಅಳತೆ 3 ಕಿಲೋಮೀಟರ್. ಇಡೀ ಭೂಮಿಗೆ 9 ಮಿಲಿಮೀಟರ್. ಬೆಟ್ಟ, ಕಡಲು, ಊರು, ಕೇರಿಗಳೆಲ್ಲ ಮಕ್ಕಳಾಡುವ ಗೋಲಿಯೊಂದರೊಳಗೆ ಅಡಗಿದಂತೆ!

ಈ ಊಹೆಯು ಇಂದು ನಿನ್ನೆಯದಲ್ಲ. 1783ರಲ್ಲಿ ಇಂಗ್ಲೆಂಡಿನ ಜಾನ್ ಮಿಚೆಲ್ ಎಂಬ ಪಾದ್ರಿಯು ಇದನ್ನು ಗಣಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದನು. ಸೂರ್ಯನಷ್ಟೇ ಸಾಂದ್ರತೆಯುಳ್ಳ, ಆದರೆ ಅದಕ್ಕಿಂತ ಸುಮಾರು 500 ಪಟ್ಟು ವ್ಯಾಸವುಳ್ಳ ನಕ್ಷತ್ರವೊಂದಿದ್ದರೆ ಅದರ ಬೆಳಕು ಅದಕ್ಕೇ ಮರಳಿ ಬೀಳುವುದೆಂದು ಅವನು ಕಂಡುಕೊಂಡನು. ಅವನ ಹಿರಿಮೆಯು ಈ ಊಹೆಗಿಂತ ಅದರ ಮುಂದಿನ ಮಾತಿನಲ್ಲಿದೆ. ಅಂತಹ ನಕ್ಷತ್ರವು ಕಾಣದಿದ್ದರೂ ಅದನ್ನು ಸುತ್ತುವ ಬೆಳಕುಳ್ಳ ಒಡನಾಡಿಯಿದ್ದರೆ, ಆ ಒಡನಾಡಿಯ ಚಲನೆಯಿಂದ ಕಾಣದುದರ ಇರವನ್ನು ತಿಳಿಯಬಹುದೆಂದು ಅವನು ಸೂಚಿಸಿದನು. ತನ್ನ ಮಾತು ನಿಜವಾದರೆ ಯಾವ ಗುರುತು ತೋರಬೇಕೆಂಬುದನ್ನು ಮೊದಲೇ ಹೇಳಿ, ತನ್ನನ್ನು ಪರೀಕ್ಷೆಗೆ ಒಪ್ಪಿಸಿಕೊಂಡನು. ಊಹೆಯನ್ನು ಹರಟೆಯಿಂದ ಬೇರ್ಪಡಿಸುವ ಗುಣವೇ ಇದು.

ಬೆಳಕನ್ನು ಎಸೆದ ಕಲ್ಲಿನಂತೆ ಎಣಿಸಿದ ಮಿಚೆಲ್ಲನ ಗಣಿತವು ಅಪೂರ್ಣವಾಗಿತ್ತು. 1915ರಲ್ಲಿ ಐನ್‌ಸ್ಟೈನರು ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಪ್ರತಿಪಾದಿಸಿ ಗುರುತ್ವದ ಅರ್ಥವನ್ನೇ ಬದಲಿಸಿದರು. ದ್ರವ್ಯವು ತನ್ನ ಸುತ್ತಲಿನ ದೇಶ-ಕಾಲಗಳನ್ನು ಬಾಗಿಸುತ್ತದೆ. ಕಲ್ಲಾಗಲಿ, ಗ್ರಹವಾಗಲಿ, ಬೆಳಕಾಗಲಿ ಆ ಬಾಗಿದ ದಾರಿಯನ್ನು ಅನುಸರಿಸುತ್ತದೆ ಎಂಬುದು ಅದರ ಸಾರ. ಆ ವರ್ಷದ ಕೊನೆಯಲ್ಲಿಯೇ, ಯುದ್ಧರಂಗದಲ್ಲಿ ಸೈನ್ಯದ ಸೇವೆಯಲ್ಲಿದ್ದ ಜರ್ಮನಿಯ ಖಗೋಳಜ್ಞ ಕಾರ್ಲ್ ಶ್ವಾರ್ಜ್‌ಶಿಲ್ಡ್ ಆ ಸಮೀಕರಣಗಳಿಗೆ ಮೊದಲ ನಿಖರವಾದ ಪರಿಹಾರವನ್ನು ಕಂಡುಹಿಡಿದನು. ಮರುವರ್ಷದ ಮೇ ತಿಂಗಳಿನಲ್ಲಿ ರೋಗಕ್ಕೆ ತುತ್ತಾಗಿ ತೀರಿಕೊಂಡನು. ಕಪ್ಪುಕುಳಿಯ ಮೇರೆಯಾದ ತ್ರಿಜ್ಯವು ಇಂದಿಗೂ ಅವನ ಹೆಸರನ್ನು ಹೊತ್ತಿದೆ.

ಆ ಮೇರೆಗೆ ಘಟನಾ ದಿಗಂತವೆಂದು ಹೆಸರು. ಅದು ಗೋಡೆಯಲ್ಲ, ಮೇಲ್ಮೈಯಲ್ಲ. ಗೋಕಾಕದ ಜಲಪಾತದ ಮೇಲ್ಗಡೆ ಘಟಪ್ರಭೆಯಲ್ಲಿ ಈಜುವ ಮೀನೊಂದನ್ನು ನೆನೆಯಬಹುದು. ಬಂಡೆಯ ಅಂಚಿಗೆ ಸಮೀಪಿಸಿದಂತೆ ನೀರಿನ ಓಟವು ಹೆಚ್ಚುತ್ತದೆ. ಎಲ್ಲಿ ಆ ಓಟವು ಮೀನಿನ ಈಜುವ ಶಕ್ತಿಯನ್ನು ಮೀರುವುದೋ ಅಲ್ಲಿಂದ ಮುಂದೆ ಅದು ಎತ್ತ ತಿರುಗಿ ಈಜಿದರೂ ಸಾಗುವುದು ಅಂಚಿನ ಕಡೆಗೇ. ನೀರಿನ ಮೇಲೆ ಅಲ್ಲಿ ಯಾವ ಗೆರೆಯೂ ಎಳೆದಿಲ್ಲ, ಆದರೂ ಮೇರೆಯುಂಟು. ದಿಗಂತದ ಒಳಗಿನ ಬೆಳಕಿನ ಪಾಡೂ ಅಂತಹುದೇ. ಹೊರಮುಖವಾದ ದಾರಿಯೇ ಅಲ್ಲಿ ಉಳಿದಿರುವುದಿಲ್ಲ.

ಹಾಗೆಂದು ಕಪ್ಪುಕುಳಿಯು ಜಗತ್ತನ್ನೆಲ್ಲ ನುಂಗುತ್ತ ಬರುವ ರಕ್ಕಸನೆಂದು ಹೆದರುವುದು ತಪ್ಪು. ಸೂರ್ಯನ ಸ್ಥಾನದಲ್ಲಿ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿಯನ್ನು ಇರಿಸಿದರೆಂದು ಭಾವಿಸೋಣ. ಭೂಮಿಯು ಕತ್ತಲೆಯಲ್ಲಿ ಮರಗಟ್ಟುವುದು ನಿಜ, ಆದರೆ ಈಗಿನ ಕಕ್ಷೆಯಲ್ಲಿಯೇ ಈಗಿನಷ್ಟೇ ದಿನಗಳಲ್ಲಿ ಸುತ್ತುತ್ತಿರುವುದು. ದೂರದಲ್ಲಿರುವವನಿಗೆ ಗುರುತ್ವವು ದ್ರವ್ಯರಾಶಿಯನ್ನೂ ದೂರವನ್ನೂ ಅನುಸರಿಸುವುದೇ ಹೊರತು ಕಪ್ಪು ಬಿಳುಪುಗಳನ್ನಲ್ಲ. ಅಪಾಯವಿರುವುದು ಸಮೀಪದಲ್ಲಿ. ನಕ್ಷತ್ರದಷ್ಟು ದ್ರವ್ಯರಾಶಿಯ ಕಪ್ಪುಕುಳಿಗೆ ಕಾಲು ಮುಂದಾಗಿ ಬೀಳುವವನ ಪಾದಕ್ಕೂ ತಲೆಗೂ ತಗಲುವ ಸೆಳೆತದ ಅಂತರವೇ ಅವನನ್ನು ಶಾವಿಗೆಯ ಎಳೆಯಂತೆ ಜಗ್ಗಿ ಹರಿಯುವುದು. ದೂರದಿಂದ ನೋಡುವವನಿಗೆ ಬೀಳುತ್ತಿರುವವನ ಗಡಿಯಾರವು ಬರಬರುತ್ತ ನಿಧಾನವಾದಂತೆಯೂ ಅವನ ಬೆಳಕು ಕೆಂಪಾಗಿ ನಂದಿಹೋದಂತೆಯೂ ತೋರುವುದು. ಅವನು ದಿಗಂತವನ್ನು ದಾಟಿದ ಕ್ಷಣವು ಹೊರಗಿನವನಿಗೆ ಎಂದೂ ಕಾಣದು. ಬಿದ್ದವನಿಗಾದರೋ ಆ ದಾಟುವಿಕೆಯು ಅವನದೇ ಗಡಿಯಾರದ ಲೆಕ್ಕದಲ್ಲಿ ಬೇಗನೆ ಮುಗಿದಿರುವುದು.

ಇಂತಹ ವಸ್ತುವು ನಿಜವಾಗಿಯೂ ಹುಟ್ಟುವುದೆ, ಅಥವಾ ಗಣಿತದ ಹಾಳೆಯಲ್ಲಿ ಮಾತ್ರ ಇರುವುದೆ? ಇಲ್ಲಿಯೇ ನೈತಿಕವಾದ ಪ್ರಶ್ನೆಯು ತಲೆದೋರಿತು. ನಕ್ಷತ್ರವೊಂದರ ಬಾಳು ಎರಡು ಬಲಗಳ ಸಮತೋಲದಲ್ಲಿ ನಿಂತಿದೆ: ಗುರುತ್ವವು ಅದನ್ನು ಒಳಕ್ಕೆ ಒತ್ತುತ್ತದೆ, ಒಡಲೊಳಗೆ ಹೈಡ್ರೋಜನ್ ಕೂಡಿ ಹೀಲಿಯಂ ಆಗುವಾಗ ಹೊಮ್ಮುವ ಶಾಖವು ಹೊರಕ್ಕೆ ಒತ್ತುತ್ತದೆ. ಉರುವಲು ತೀರಿದ ಮೇಲೆ ಏನು? ಚಿಕ್ಕ ನಕ್ಷತ್ರಗಳು ಶ್ವೇತಕುಬ್ಜಗಳಾಗಿ, ಎಲೆಕ್ಟ್ರಾನುಗಳ ಒತ್ತಡದ ಬಲದಿಂದ ನಿಲ್ಲುತ್ತವೆ. ಎಲ್ಲ ನಕ್ಷತ್ರಗಳ ಕೊನೆಯೂ ಹೀಗೆಯೇ ಶಾಂತವಾದುದೆಂದು ಆಗ ತಿಳಿದಿದ್ದರು. 1930ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಹೆಚ್ಚಿನ ವ್ಯಾಸಂಗಕ್ಕೆಂದು ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರರು ಈ ಲೆಕ್ಕಕ್ಕೆ ಸಾಪೇಕ್ಷತೆಯನ್ನು ಕೂಡಿಸಿದರು. ಸೂರ್ಯನ ಸುಮಾರು 1.4 ಪಟ್ಟಿಗೆ ಮೀರಿದ ದ್ರವ್ಯರಾಶಿಯನ್ನು ಎಲೆಕ್ಟ್ರಾನುಗಳ ಒತ್ತಡವು ಹೊರಲಾರದೆಂಬ ಉತ್ತರವು ಬಂದಿತು.

1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಚಂದ್ರಶೇಖರರು ತಮ್ಮ ಫಲಿತವನ್ನು ಮಂಡಿಸಿದರು. ಅವರ ಬೆನ್ನಿಗೇ ಎದ್ದು ನಿಂತವರು ಸರ್ ಆರ್ಥರ್ ಎಡಿಂಗ್ಟನ್. ಅಂದಿನ ಖಗೋಳಜ್ಞರಲ್ಲಿ ಅಗ್ರಗಣ್ಯರು; 1919ರ ಸೂರ್ಯಗ್ರಹಣದ ಕಾಲದಲ್ಲಿ ನಕ್ಷತ್ರಗಳ ಬೆಳಕು ಸೂರ್ಯನ ಬಳಿ ಬಾಗುವುದನ್ನು ಅಳೆದು, ಐನ್‌ಸ್ಟೈನರ ಸಿದ್ಧಾಂತಕ್ಕೆ ಸಾಕ್ಷಿ ನುಡಿದವರು. ಚಂದ್ರಶೇಖರರ ಮಾತನ್ನು ಒಪ್ಪಿದರೆ ಭಾರವಾದ ನಕ್ಷತ್ರವು ಕುಗ್ಗುತ್ತ ಕುಗ್ಗುತ್ತ ಕೊನೆಗೆ ತನ್ನ ಬೆಳಕನ್ನೇ ಹಿಡಿದಿಟ್ಟುಕೊಳ್ಳುವುದೆಂಬುದನ್ನು ಅವರು ಸ್ಪಷ್ಟವಾಗಿ ಕಂಡರು. ಕಂಡು, ಅದು ಅಸಂಬದ್ಧವೆಂದು ನಿರಾಕರಿಸಿದರು. ನಕ್ಷತ್ರವು ಹಾಗೆ ವರ್ತಿಸದಂತೆ ತಡೆಯುವ ನಿಯಮವೊಂದು ಪ್ರಕೃತಿಯಲ್ಲಿ ಇರಲೇಬೇಕೆಂಬುದು ಅವರ ನಿಲುವು. ಸಭೆಯು ಎಡಿಂಗ್ಟನ್ನರ ಕಡೆಗೆ ವಾಲಿತು. 24 ವರ್ಷದ ತರುಣನು ತಲೆ ತಗ್ಗಿಸಬೇಕಾಯಿತು.

ಎಡಿಂಗ್ಟನ್ನರ ತಪ್ಪು ಯಾವುದು? ಸಂದೇಹಪಟ್ಟುದು ತಪ್ಪಲ್ಲ, ಸಂದೇಹವು ವಿಚಾರಕ್ಕೆ ತಾಯಿ. ಲೆಕ್ಕದ ತಳಹದಿಯನ್ನು ಪ್ರಶ್ನಿಸಿದುದೂ ತಪ್ಪಲ್ಲ. ತಮ್ಮ ಮನಸ್ಸಿಗೆ ಒಗ್ಗದಿರುವುದನ್ನೇ ಹೇತುವನ್ನಾಗಿ ಮಾಡಿಕೊಂಡುದು ತಪ್ಪು. ಹೊಗೆಯನ್ನು ಕಂಡೂ ಬೆಟ್ಟಕ್ಕೆ ಬೆಂಕಿ ತಗಲಬಾರದೆಂಬ ಆಸೆಯಿಂದ ಬೆಂಕಿಯಿಲ್ಲವೆಂದಂತೆ ಅದು ಆಯಿತು. ಈ ಅಳುಕು ಅವರೊಬ್ಬರದೇ ಆಗಿರಲಿಲ್ಲ. 1939ರಲ್ಲಿ ಸ್ವತಃ ಐನ್‌ಸ್ಟೈನರು ಇಂತಹ ಕಾಯಗಳು ನಿಸರ್ಗದಲ್ಲಿ ಉಂಟಾಗಲಾರವೆಂದು ವಾದಿಸಿ ಬರೆದರು. ಅದೇ ವರ್ಷ ಅಮೆರಿಕೆಯಲ್ಲಿ ಓಪನ್‌ಹೈಮರ್ ಮತ್ತು ಸ್ನೈಡರ್ ಎಂಬಿಬ್ಬರು ಐನ್‌ಸ್ಟೈನರದೇ ಸಮೀಕರಣಗಳಿಂದ ನಕ್ಷತ್ರದ ಕುಸಿತವು ಹೇಗೆ ನಡೆಯುವುದೆಂದು ತೋರಿಸಿದರು. ಸಿದ್ಧಾಂತವನ್ನು ಹಡೆದವರೇ ಅದರ ಫಲವನ್ನು ಕಂಡು ಹಿಂಜರಿದರು! ಹಿರಿಯರ ಹಿರಿಮೆಯು ಅವರ ಪ್ರತಿಯೊಂದು ಮಾತಿಗೂ ಪ್ರಮಾಣವಾಗದು; ಅವರ ಒಂದು ತಪ್ಪಿನಿಂದ ಆ ಹಿರಿಮೆಯು ಕುಂದಲೂ ಕುಂದದು. ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿಡುವುದು ವಿವೇಕ.

ಆ ವಿವೇಕವನ್ನು ನಡೆಯಲ್ಲಿ ತೋರಿದವರು ಚಂದ್ರಶೇಖರರೇ. ಅವರು ವಾದವನ್ನು ಬೀದಿಗೆ ತರಲಿಲ್ಲ. ತಮ್ಮ ಲೆಕ್ಕವನ್ನು ಹಿಂದೆಗೆದುಕೊಳ್ಳಲೂ ಇಲ್ಲ. ಗ್ರಂಥವೊಂದನ್ನು 1939ರಲ್ಲಿ ಪ್ರಕಟಿಸಿ, ಬೇರೆ ವಿಷಯಗಳ ಅಧ್ಯಯನಕ್ಕೆ ತೊಡಗಿದರು. ಎಡಿಂಗ್ಟನ್ನರೊಡನೆ ಸ್ನೇಹವನ್ನು ಕೆಡಿಸಿಕೊಳ್ಳಲಿಲ್ಲ. ಎಡಿಂಗ್ಟನ್ನರು 1944ರಲ್ಲಿ ತೀರಿಕೊಂಡರು. ಅವರ ಜನ್ಮಶತಾಬ್ದಿಯ ವರ್ಷವಾದ 1982ರಲ್ಲಿ ಕೇಂಬ್ರಿಜ್ಜಿನಲ್ಲಿ ಅವರ ಸಾಧನೆಯನ್ನು ಕುರಿತು ಉಪನ್ಯಾಸಗಳನ್ನು ಮಾಡಿದವರು ಇದೇ ಚಂದ್ರಶೇಖರರು. ಮರುವರ್ಷ ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು. ಕಪ್ಪುಕುಳಿಗಳ ಗಣಿತವನ್ನು ಕುರಿತ ಅವರ ಮಹಾಗ್ರಂಥವು ಪ್ರಕಟವಾದುದೂ ಆ ವರ್ಷವೇ. ಸತ್ಯವನ್ನು ಬಿಡದೆಯೂ ಹಿರಿಯರನ್ನು ಗೌರವಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಗುರುತುಗಳ ವಿಚಾರ. 1964ರಲ್ಲಿ ರಾಕೆಟ್ಟಿನ ಮೂಲಕ ಕಳುಹಿಸಿದ ಉಪಕರಣಗಳು ಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ ಪ್ರಬಲವಾದ ಕ್ಷಕಿರಣಗಳ ನೆಲೆಯೊಂದನ್ನು ಕಂಡವು. 1971ರ ಹೊತ್ತಿಗೆ ಅಲ್ಲಿನ ದೊಡ್ಡ ನೀಲಿ ನಕ್ಷತ್ರವೊಂದು ಕಾಣದ ಒಡನಾಡಿಯೊಡನೆ 5.6 ದಿನಗಳಿಗೊಮ್ಮೆ ಸುತ್ತುತ್ತಿರುವುದು ತಿಳಿದುಬಂದಿತು. ನಕ್ಷತ್ರದಿಂದ ಹರಿದ ಅನಿಲವು ಆ ಕಾಣದುದರ ಸುತ್ತ ಸುಳಿಗಟ್ಟಿ, ಕಾದು, ಕ್ಷಕಿರಣಗಳನ್ನು ಸೂಸುತ್ತಿತ್ತು. ಆ ಒಡನಾಡಿಯ ದ್ರವ್ಯರಾಶಿಯು ಸೂರ್ಯನ ಸುಮಾರು 21 ಪಟ್ಟೆಂದು 2021ರ ಅಳತೆಯು ಹೇಳುತ್ತದೆ. ಅಷ್ಟು ಭಾರವಾದ, ಅಷ್ಟು ಇಕ್ಕಟ್ಟಾದ ಕಾಯವು ಕಪ್ಪುಕುಳಿಯಲ್ಲದೆ ಬೇರೆ ಯಾವುದೂ ಆಗಲಾರದು. ಮಿಚೆಲ್ಲನು ಹೇಳಿದ ಗುರುತೇ ಸುಮಾರು ಎರಡು ಶತಮಾನಗಳ ನಂತರ ದೊರಕಿತು. ನಮ್ಮ ಆಕಾಶಗಂಗೆಯ ನಡುವೆ, ಧನುರಾಶಿಯ ದಿಕ್ಕಿನಲ್ಲಿ, ನಕ್ಷತ್ರವೊಂದು ಬರಿಯ ಕತ್ತಲೆಯಂತೆ ತೋರುವ ಬಿಂದುವನ್ನು 16 ವರ್ಷಗಳಿಗೊಮ್ಮೆ ಸುತ್ತುತ್ತಿದೆ. ಅಲ್ಲಿ ಸೂರ್ಯನ 40 ಲಕ್ಷ ಪಟ್ಟಿಗೂ ಮಿಕ್ಕ ದ್ರವ್ಯವು ಅಡಗಿದೆ. ಈ ಅಳತೆಯನ್ನು ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಎಂಬವರ ಎರಡು ತಂಡಗಳು, ಒಂದು ಚಿಲಿ ದೇಶದಿಂದ, ಇನ್ನೊಂದು ಹವಾಯಿ ದ್ವೀಪದಿಂದ, ಬೇರೆಬೇರೆಯಾಗಿ ಮಾಡಿ ಒಂದೇ ಉತ್ತರವನ್ನು ಪಡೆದವು. 2020ರ ನೊಬೆಲ್ ಪಾರಿತೋಷಕದಲ್ಲಿ ಇವರಿಬ್ಬರಿಗೂ ಪಾಲು ದೊರೆಯಿತು.

ಕನ್ನಡನಾಡಿನ ಮಗನೊಬ್ಬನು ಕಂಡ ಗುರುತು ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಬೆಂಗಳೂರಿನಲ್ಲಿ 1938ರಲ್ಲಿ ಜನಿಸಿದ ಸಿ. ವಿ. ವಿಶ್ವೇಶ್ವರ ಅವರು, ಕಪ್ಪುಕುಳಿಯನ್ನು ಕದಡಿದರೆ ಅದು ಏನಾಗುವುದೆಂಬ ಪ್ರಶ್ನೆಯನ್ನು ಎತ್ತಿಕೊಂಡರು. ಕುಂಬಾರನಲ್ಲಿ ಮಡಕೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾಳೆ. ದನಿಯನ್ನು ಕೇಳಿಯೇ ಗಟ್ಟಿಯೋ ಬಿರುಕೋ ಎಂಬುದನ್ನು ತಿಳಿಯುತ್ತಾಳೆ. ಕಪ್ಪುಕುಳಿಯೂ ತಟ್ಟಿದರೆ ಮಿಡಿದು, ಬೇಗನೆ ಅಡಗುವ ಒಂದು ನಾದವನ್ನು ಗುರುತ್ವದ ಅಲೆಗಳಲ್ಲಿ ಹೊಮ್ಮಿಸುವುದೆಂದು ವಿಶ್ವೇಶ್ವರ ಅವರು 1970ರಲ್ಲಿ ಗಣಿತದಿಂದ ತೋರಿಸಿದರು. ಆ ನಾದವು ಅದರ ದ್ರವ್ಯರಾಶಿಯನ್ನೂ ಭ್ರಮಣವನ್ನೂ ಹೇಳಬಲ್ಲದು. ಕೇಳುವ ಕಿವಿ ಮಾತ್ರ ಆಗ ಜಗತ್ತಿನಲ್ಲಿರಲಿಲ್ಲ. 2015ರ ಸೆಪ್ಟೆಂಬರ್ 14ರಂದು ಅಮೆರಿಕೆಯ ಎರಡು ಲೈಗೋ ಕೇಂದ್ರಗಳು ಅಂತಹ ಅಲೆಯೊಂದನ್ನು ಮೊದಲ ಬಾರಿಗೆ ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟಿನ ಒಂದು ಕಪ್ಪುಕುಳಿಯಾಗಿತ್ತು. ಉಳಿದ 3 ಸೂರ್ಯರಷ್ಟು ದ್ರವ್ಯವು ಅಲೆಗಳ ಶಕ್ತಿಯಾಗಿ ಹರಡಿತ್ತು. ಆ ಅಲೆಯ ತುದಿಯಲ್ಲಿ ಅಡಗುತ್ತಿರುವ ನಾದವಿತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ವಿಶ್ವೇಶ್ವರ ಅವರು ಈ ಸುದ್ದಿಯನ್ನು ಕೇಳಿ, 2017ರಲ್ಲಿ ತೀರಿಕೊಂಡರು. ನಲವತ್ತೈದು ವರ್ಷ ಕಾದ ಅನುಮಾನಕ್ಕೆ ಲೋಕವೇ ಸಾಕ್ಷಿಯಾಗಿ ನಿಂತಿತು.

2019ರ ಏಪ್ರಿಲ್ 10ರಂದು ಕಪ್ಪುಕುಳಿಯೊಂದರ ಮೊದಲ ಚಿತ್ರವು ಪ್ರಕಟವಾಯಿತು. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದ ಎಂ 87 ಎಂಬ ಗೆಲಾಕ್ಸಿಯ ನಡುವಿನ, ಸೂರ್ಯನ 650 ಕೋಟಿ ಪಟ್ಟು ದ್ರವ್ಯರಾಶಿಯ ಕಪ್ಪುಕುಳಿ ಅದು. ಉರಿಯುವ ಅನಿಲದ ಬಳೆ, ನಡುವೆ ಕಪ್ಪು ನೆರಳು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಆ ವಿಜ್ಞಾನಿಗಳು ಕೇಳಿರಲಾರರು. ಆದರೆ ಅದರಂತೆಯೇ ನಡೆದರು. ತಮ್ಮ ನಿರೀಕ್ಷೆಯೇ ಚಿತ್ರವಾಗಿ ಮೂಡಬಾರದೆಂದು ನಾಲ್ಕು ತಂಡಗಳಾಗಿ ಒಡೆದು, ಒಬ್ಬರಿಗೊಬ್ಬರು ತಿಳಿಸದೆ ಒಂದೇ ದತ್ತಾಂಶದಿಂದ ಚಿತ್ರಗಳನ್ನು ರಚಿಸಿದರು. ನಾಲ್ಕರಲ್ಲಿಯೂ ಬಳೆಯು ಮೂಡಿದ ಮೇಲೆ ಮುಂದುವರಿದರು. ತನ್ನ ಕಣ್ಣನ್ನೇ ತಾನು ಶಂಕಿಸುವ ಈ ಎಚ್ಚರವು ಪ್ರಾಮಾಣಿಕತೆಯ ಉತ್ತಮವಾದ ರೂಪ.

ಇಷ್ಟೆಲ್ಲ ಅರಿತವರು ದಿಗಂತದ ಒಳಗೆ ಏನಿದೆಯೆಂಬ ಪ್ರಶ್ನೆಗೆ ಏನೆನ್ನುತ್ತಾರೆ? ಕುಸಿದ ದ್ರವ್ಯದ ಕಥೆಯು ಒಳಗೆ ಒಂದೆಡೆ ಕೊನೆಗಾಣಲೇಬೇಕೆಂದು 1965ರಲ್ಲಿ ರಾಜರ್ ಪೆನ್‌ರೋಸ್ ಸಾಧಿಸಿದರು. ಆ ಕೊನೆಯಲ್ಲಿ ಸಮೀಕರಣಗಳು ಮುರಿದುಬೀಳುತ್ತವೆ. ಗುರುತ್ವವನ್ನೂ ಪರಮಾಣುಲೋಕದ ನಿಯಮಗಳನ್ನೂ ಕೂಡಿಸುವ ಒಪ್ಪಿತವಾದ ಸಿದ್ಧಾಂತವು ಇನ್ನೂ ದೊರೆತಿಲ್ಲ. ಅಲ್ಲಿ ವಿಜ್ಞಾನವು ಮೌನವಾಗಿದೆ. ಆ ಮೌನವು ಅದಕ್ಕೆ ಅವಮಾನವಲ್ಲ. ವಚನಗಳನ್ನು ಓದಿದವರಿಗೆ ಇಲ್ಲೊಂದು ಆಸೆಯು ಹುಟ್ಟಬಹುದು: ಶರಣರು ನುಡಿದ ಬಯಲು, ಶೂನ್ಯಗಳು ಈ ಕಪ್ಪುಕುಳಿಯೇ ಅಲ್ಲವೆ ಎಂದು. ಅಲ್ಲ. ಶರಣರ ಬಯಲು ಅನುಭಾವದ ಮಾತು. ಕಪ್ಪುಕುಳಿಯು ಬರಿದೂ ಅಲ್ಲ, ಶೂನ್ಯವೂ ಅಲ್ಲ, ತೂಗಿ ಅಳೆಯಬಹುದಾದ ಭೌತಿಕ ಕಾಯ. ಹೆಸರಿನ ಹೋಲಿಕೆಯನ್ನು ಹೇತುವೆಂದು ಹಿಡಿಯುವುದು ಮಂಜನ್ನು ಹೊಗೆಯೆಂದು ಹಿಡಿದಂತೆಯೇ. ಅಂತಹ ಹೊಗಳಿಕೆಯಿಂದ ಶರಣರಿಗೆ ಹಿರಿಮೆಯಿಲ್ಲ, ವಿಜ್ಞಾನಕ್ಕೆ ಲಾಭವಿಲ್ಲ.

ಆಕಾಶದ ಈ ವಿಚಾರವು ಗೃಹಸ್ಥನಿಗೆ ಏತಕ್ಕೆ? ಅವನೂ ದಿನಬೆಳಗಾದರೆ ಕಾಣದುದನ್ನು ಕುರಿತು ತೀರ್ಮಾನಿಸುತ್ತಿರುತ್ತಾನೆ. ನೆರೆಯವನ ಮನಸ್ಸು ಕಾಣದು. ಕೈಯಾಳಿನ ನಿಯತ್ತು ಕಾಣದು. ಮಗನ ಒಳಗುದಿ ಕಾಣದು. ಒಂದು ಸುಳುಹನ್ನು ಹಿಡಿದು ಕಳ್ಳನೆಂದು ಹೆಸರಿಡುವುದೂ, ನೂರು ಸುಳುಹುಗಳಿದ್ದರೂ ತನ್ನವನೆಂಬ ಮೋಹದಿಂದ ಕಣ್ಣು ಮುಚ್ಚುವುದೂ ಅಪ್ರಾಮಾಣಿಕತೆಯ ಎರಡು ಮುಖಗಳು. ಊಹಿಸುವ ಮೊದಲು, ತನ್ನ ಊಹೆಯು ನಿಜವಾದರೆ ಯಾವ ಗುರುತು ತೋರಬೇಕೆಂದು ತನ್ನನ್ನು ತಾನೇ ಕೇಳಿಕೊಳ್ಳಲಿ. ತೋರದಿದ್ದರೆ ಊಹೆಯನ್ನು ಬಿಡಲಿ. ತೋರಿದರೆ, ತನಗೆ ಕಹಿಯಾದರೂ ಒಪ್ಪಲಿ. ಗುರುತು ಮುಗಿದೆಡೆ ತನ್ನ ಮಾತನ್ನೂ ಮುಗಿಸಲಿ. ಬೆಳಕೇ ಹೊರಬರಲಾರದ ಕತ್ತಲೆಯನ್ನು ಮನುಷ್ಯನು ಅರಿತುದು ಈ ನಡೆಯಿಂದ. ಪಕ್ಕದ ಮನೆಯವನನ್ನು ಅರಿಯಲು ಬೇಕಾದುದೂ ಇದೇ.